ಟವರ್ ಕಾಲಿಗೆ ಒಂದು ಗುಂಟೆ, ತಂತಿಯ ಹಾದಿಗೆ ಒಂದು ಎಕರೆ: ಅರೇಹಳ್ಳಿ ಕಡೆಯ ಒಂದು ಕಾಫಿ ತೋಟದ ಪ್ರಕರಣ

ನಮ್ಮ ದೊಡ್ಡಪ್ಪನ ಕಾಫಿ ತೋಟ ಬೇಲೂರು ತಾಲೂಕಿನ ಅರೇಹಳ್ಳಿ ಕಡೆ ಇದೆ. 5 ಎಕರೆ 12 ಗುಂಟೆ. ಹೆಚ್ಚಿನ ಭಾಗ ರೊಬಸ್ಟಾ, ಹಳ್ಳದ ಬದಿಯ ತುಂಡಿನಲ್ಲಿ ಅರೇಬಿಕಾ. ನೆರಳಿಗೆ ಸಿಲ್ವರ್ (ಸಿಲ್ವರ್ ಓಕ್), ಹಾಲುವಾಣ, ಅಲ್ಲಲ್ಲಿ ಹಲಸಿನ ಮರ. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. 2024ರ ಜನವರಿಯಲ್ಲಿ, ಕೊಯ್ಲಿನ ಗಡಿಬಿಡಿಯಲ್ಲಿ, ಹಣ್ಣು ಬಿಡಿಸುತ್ತಿದ್ದ ಹೆಂಗಸೊಬ್ಬರು ಗಿಡಗಳ ನಡುವೆ ಕೆಂಪು ಬಣ್ಣ ಬಳಿದ ಗೂಟವೊಂದನ್ನು ನೋಡಿ ಕೂಗಿದರು. ಅದಕ್ಕೆ ಮುಂಚೆ ನಮಗೆ ಯಾರೂ ಏನೂ ಹೇಳಿರಲಿಲ್ಲ. ನೋಟಿಸ್ ಇಲ್ಲ, ಫೋನ್ ಇಲ್ಲ. ಯಾವಾಗಲೋ ಬಂದು ಅಳತೆ ಮಾಡಿ, ಗೂಟ ಹೊಡೆದು ಹೋಗಿದ್ದರು. ವಿಚಾರಿಸಿದಾಗ ಗೊತ್ತಾಯಿತು: 220 ಕೆವಿ (ಕಿಲೊವೋಲ್ಟ್) ವಿದ್ಯುತ್ ಲೈನ್. ತೋಟದ ಮಧ್ಯದಲ್ಲೇ ಓರೆಯಾಗಿ ಹೋಗುತ್ತದೆ. ಒಂದು ಟವರ್ ನಮ್ಮ ಜಾಗದಲ್ಲೇ ಬರುತ್ತದೆ.

ಅಲ್ಲಿಂದ ಇಲ್ಲಿಯವರೆಗೆ ನಡೆದದ್ದನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು. ಯಾಕೆಂದರೆ ಮೊದಲ ಮೂರು ತಿಂಗಳು ನಾವು ಆಡಿದ್ದು ಗೆಲ್ಲಲಾಗದ ಜಗಳ. ಗೆಲ್ಲಬಹುದಾಗಿದ್ದ ಜಗಳ ಯಾವುದು ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಸಮಯ ಹೋಗಿತ್ತು. ಹಾಸನ ಜಿಲ್ಲೆಯಲ್ಲಿ ದೊಡ್ಡ ಲೈನ್‌ಗಳು ಹೊಸದಲ್ಲ, ಉಡುಪಿ ಕಡೆಯಿಂದ ಶಾಂತಿಗ್ರಾಮಕ್ಕೆ ಬರುವ 400 ಕೆವಿ ಲೈನ್ ಎಷ್ಟು ತೋಟಗಳನ್ನು ದಾಟಿ ಬಂದಿದೆ ಅಂತ ಸಕಲೇಶಪುರದ ಕಡೆಯವರಿಗೆ ಗೊತ್ತು. ಆದರೂ ಪ್ರತಿ ಮನೆಯವರೂ ಮೊದಲಿನಿಂದ ಕಲಿಯಬೇಕಾಗಿದೆ. ಕೇಸ್ ಕೋರ್ಟಿನಲ್ಲಿ ಇರುವುದರಿಂದ ಕಂಪನಿಯ ಹೆಸರು, ಗುತ್ತಿಗೆದಾರರ ಹೆಸರು ಬರೆಯುವುದಿಲ್ಲ.

ಗೂಟ ಕಂಡ ಎರಡು ವಾರಕ್ಕೆ ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಒಬ್ಬರು ಮನೆಗೆ ಬಂದರು. ಮಾತು ಚೆನ್ನಾಗಿತ್ತು. ಕಾಫಿ ಕುಡಿದರು. "ಒಂದು ಗುಂಟೆ ಜಾಗ ಸಾರ್, ನಾಲ್ಕು ಕಾಲು ನಿಲ್ಲುತ್ತೆ ಅಷ್ಟೇ. ಮೇಲೆ ತಂತಿ ಹೋಗುತ್ತೆ, ಕೆಳಗೆ ನಿಮ್ಮ ಕಾಫಿ ನಿಮ್ಮದೇ" ಅಂದರು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಕೇಳಿದರು. ಒಂದು ಒಪ್ಪಿಗೆ ಪತ್ರ ಮುಂದಿಟ್ಟರು. ಅದರಲ್ಲಿ ಸರ್ವೆ ನಂಬರ್ ಬರೆದಿತ್ತು, ಹಣದ ಜಾಗ ಖಾಲಿ ಇತ್ತು. ಎಷ್ಟು ಮರ, ಎಷ್ಟು ಅಗಲ, ಯಾವ ದರ, ಒಂದೂ ಇಲ್ಲ. ದೊಡ್ಡಪ್ಪ ಪೆನ್ನು ಕೈಗೆ ತೆಗೆದುಕೊಂಡಿದ್ದರಂತೆ. ದೊಡ್ಡಮ್ಮ ಒಳಗಿಂದ ಬಂದು "ಹುಡುಗರನ್ನ ಕೇಳದೆ ಹಾಕಬೇಡಿ" ಅಂದದ್ದಕ್ಕೆ ನಿಂತಿತು. ಆ ಒಂದು ಮಾತಿನಿಂದ ನಮಗೆ ಎಷ್ಟು ಉಳಿಯಿತು ಅಂತ ಆಮೇಲೆ ಗೊತ್ತಾಯಿತು. ಅದೇ ಪತ್ರಕ್ಕೆ ಸಹಿ ಹಾಕಿದ ಪಕ್ಕದ ಇಬ್ಬರು ಈಗ "ನೀವೇ ಒಪ್ಪಿದ್ದೀರಲ್ಲ" ಅನ್ನುವ ಉತ್ತರ ಕೇಳುತ್ತಿದ್ದಾರೆ.

ಮಾರ್ಚ್‌ನಲ್ಲಿ ಜೆಸಿಬಿ ಬಂತು. ದೊಡ್ಡಪ್ಪ ಗೇಟಿಗೆ ಅಡ್ಡ ಕುಳಿತರು. ಅವರಿಗೆ ಎಪ್ಪತ್ತು ದಾಟಿದೆ. ಊರವರು ಸೇರಿದರು, ಪೊಲೀಸರು ಬಂದರು, ಜೆಸಿಬಿ ವಾಪಸ್ ಹೋಯಿತು. ಆವತ್ತು ಮನೆಯಲ್ಲಿ ಎಲ್ಲರಿಗೂ ಗೆದ್ದ ಹಾಗೆ ಅನ್ನಿಸಿತ್ತು. ಒಂದು ತಿಂಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯಿಂದ ವಿಚಾರಣೆಯ ನೋಟಿಸ್ ಬಂತು. ಆಗ ನಾವು ಬೇಲೂರಿನ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಮೊದಲು ಕೇಳಿದ ಪ್ರಶ್ನೆ: "ಅವರಿಗೆ 164ರ ಆದೇಶ ಇದೆಯಾ?"

ಇಡೀ ವಿಷಯದ ಬೀಗದ ಕೈ ಇದೇ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಪ್ರಕಾರ ಸರ್ಕಾರ ಲಿಖಿತ ಆದೇಶ ಮಾಡಿ, ಲೈನ್ ಎಳೆಯುವ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ಕೊಡಬಹುದು. ಹೌದು, 1885. ದೇಶದಲ್ಲಿ ಟೆಲಿಗ್ರಾಂ ಸೇವೆಯೇ 2013ರ ಜುಲೈನಲ್ಲಿ ನಿಂತುಹೋಯಿತು. ಆದರೆ ತಂತಿ ಕಂಬ ನೆಡಲು ಬ್ರಿಟಿಷರ ಕಾಲದಲ್ಲಿ ಮಾಡಿದ ಆ ನಿಯಮಗಳು ಇವತ್ತಿಗೂ ನಮ್ಮ ತೋಟದೊಳಗೆ ಬರುತ್ತವೆ. 2023ರ ಹೊಸ ದೂರಸಂಪರ್ಕ ಕಾಯ್ದೆ ಕೂಡ ವಿದ್ಯುತ್ ಲೈನ್‌ಗಳ ಮಟ್ಟಿಗೆ ಹಳೆಯ ಕಾಯ್ದೆಯ ಆ ಭಾಗವನ್ನು ಹಾಗೇ ಉಳಿಸಿಕೊಂಡಿದೆ.

164ರ ಆದೇಶ ಇಲ್ಲದಿದ್ದರೆ ಕಥೆ ಬೇರೆ. ಆಗ 2006ರ ಪರವಾನಗಿದಾರರ ಕಾಮಗಾರಿ ನಿಯಮಗಳು ಅನ್ವಯಿಸುತ್ತವೆ. ಆ ನಿಯಮದ ಪ್ರಕಾರ ಜಾಗದ ಮಾಲೀಕರ ಒಪ್ಪಿಗೆ ಮೊದಲೇ ಬೇಕು. ಮಾಲೀಕರು ಒಪ್ಪದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ (ಅಂದರೆ ಜಿಲ್ಲಾಧಿಕಾರಿಯ) ಲಿಖಿತ ಅನುಮತಿ ಬೇಕು. ಆದೇಶ ಇದ್ದರೆ ಮಾತ್ರ ನಮ್ಮ ಒಪ್ಪಿಗೆ ಬೇಕಿಲ್ಲ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನಮ್ಮ ಕಂಪನಿಯ ಹತ್ತಿರ ಆದೇಶ ಇತ್ತು. ನಾವು ಪ್ರತಿ ಕೇಳಿ ಪಡೆದೆವು, ಲೈನ್‌ನ ಹೆಸರು ಹೊಂದುತ್ತದೆಯೇ ಅಂತ ನೋಡಿದೆವು. ಹೊಂದುತ್ತಿತ್ತು.

ಅಂದರೆ ಗೇಟಿಗೆ ಅಡ್ಡ ಕುಳಿತದ್ದು ಹೆಚ್ಚು ದಿನ ನಡೆಯುವ ದಾರಿ ಆಗಿರಲಿಲ್ಲ. ಟೆಲಿಗ್ರಾಫ್ ಕಾಯ್ದೆಯ 16(1)ರ ಪ್ರಕಾರ ಯಾರಾದರೂ ಅಡ್ಡಿ ಮಾಡಿದರೆ ಕಂಪನಿ ಜಿಲ್ಲಾ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು, ಅವರು ವಿವೇಚನೆಯಿಂದ ಕೆಲಸಕ್ಕೆ ಅನುಮತಿ ಕೊಡಬಹುದು. ಆ ಆದೇಶ ಆದ ಮೇಲೂ ಅಡ್ಡಿ ಮಾಡಿದರೆ ಅದು ಅಪರಾಧ. ಮೊದಲು ಭಾರತೀಯ ದಂಡ ಸಂಹಿತೆಯ 188, ಈಗ ಭಾರತೀಯ ನ್ಯಾಯ ಸಂಹಿತೆಯ 223. ವಯಸ್ಸಾದವರ ಮೇಲೆ ಕೇಸ್ ಬೀಳುವುದು ಯಾವ ಮನೆಗೆ ಬೇಕು, ಅಲ್ವಾ?

ದೊಡ್ಡಪ್ಪನಿಗೆ ಇದನ್ನು ಹೇಳುವುದು ಕಷ್ಟವಾಯಿತು. "ಹಂಗಾದ್ರೆ ನಮ್ಮ ಜಮೀನಿಗೆ ನಾವು ಯಾರು?" ಅಂತ ಕೇಳಿದರು. ವಕೀಲರು ಅದಕ್ಕೆ ಕಾಯ್ದೆಯ 10ನೇ ಕಲಂ ತೆಗೆದು ತೋರಿಸಿದರು. ಅದರಲ್ಲಿ ಮೂರು ಮಾತುಗಳಿವೆ. ಕಂಪನಿಗೆ ಸಿಗುವುದು ಬಳಸುವ ಹಕ್ಕು ಮಾತ್ರ, ಜಾಗ ಮಾಲೀಕರದ್ದೇ. ಕೆಲಸ ಮಾಡುವಾಗ ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು. ಆದ ಹಾನಿಗೆ, ಹಕ್ಕು ಇರುವ ಎಲ್ಲರಿಗೂ, ಪೂರ್ತಿ ಪರಿಹಾರ ಕೊಡಬೇಕು. ಇದು ಭೂಸ್ವಾಧೀನ ಅಲ್ಲ, ಪಹಣಿಯಿಂದ ಹೆಸರು ಹೋಗುವುದಿಲ್ಲ. ಬೇಡ ಅನ್ನುವ ನಮ್ಮ ಹಕ್ಕು ಸಣ್ಣದು. ಪೂರ್ತಿ ಪರಿಹಾರ ಕೇಳುವ ಹಕ್ಕು ದೊಡ್ಡದು, ಆದರೆ ಅದು ನಿಲ್ಲುವುದು ಲೆಕ್ಕ ಮತ್ತು ಕಾಗದದ ಮೇಲೆ. ಮರ ಬಿದ್ದು ಹೋದ ಮೇಲೆ ಎಷ್ಟಿತ್ತು ಅಂತ ಬಾಯಲ್ಲಿ ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ.

ಲೋಕಸಭಾ ಚುನಾವಣೆ ಇದ್ದದ್ದರಿಂದ (ಹಾಸನದಲ್ಲಿ ಏಪ್ರಿಲ್ 26ಕ್ಕೆ ಮತದಾನ) ವಿಚಾರಣೆ ಜೂನ್ ಕೊನೆಗೆ ಹೋಯಿತು. ಆ ಎರಡು ತಿಂಗಳು ನಮಗೆ ಸಿಕ್ಕ ಅದೃಷ್ಟ.

ವಿಚಾರಣೆಗೆ ನಾವು ಲಿಖಿತ ಆಕ್ಷೇಪಣೆ ಕೊಟ್ಟೆವು. "ಟವರ್ ಬೇಡವೇ ಬೇಡ" ಅಂತ ಬರೆಯಲಿಲ್ಲ. ಟವರ್ ಜಾಗ ಬದಲಿಸಿ ಅಂತ ಬರೆದೆವು. ಗೂಟ ಹೊಡೆದಿದ್ದ ಜಾಗ ಕೆರೆಯಿಂದ ಬರುವ ಸ್ಪ್ರಿಂಕ್ಲರ್ ಪೈಪಿನ ಮೇಲೆ, ಕಣಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಇತ್ತು. ಲೈನನ್ನೇ ಪಕ್ಕಕ್ಕೆ ಸರಿಸಿ ಅಂದರೆ ಒಪ್ಪುವುದಿಲ್ಲ, ಯಾಕೆಂದರೆ ಹಿಂದಿನ ಮತ್ತು ಮುಂದಿನ ಟವರ್‌ಗಳು ನಿಂತ ಮೇಲೆ ಗೆರೆ ನೇರ ಇರಬೇಕು. ಆದರೆ ಅದೇ ಗೆರೆಯ ಮೇಲೆ ಹಿಂದಕ್ಕೋ ಮುಂದಕ್ಕೋ ಸ್ವಲ್ಪ ಸರಿಸಲು ಅವಕಾಶ ಇರುತ್ತದೆ. ನಾವು ಕೈಯಲ್ಲಿ ಬರೆದ ನಕ್ಷೆ ಕೊಟ್ಟು, 18 ಮೀಟರ್ ಮುಂದಕ್ಕೆ, ಬೇಲಿಯ ಕಡೆಗೆ ಹೋಗಿ ಅಂತ ಕೇಳಿದೆವು. ಕಡಿಮೆ ಹಾನಿ ಅನ್ನುವ 10ನೇ ಕಲಂನ ಮಾತನ್ನೇ ಅದಕ್ಕೆ ಆಧಾರವಾಗಿ ಬರೆದೆವು. ಕಂಪನಿಯ ಎಂಜಿನಿಯರ್ ಸ್ಥಳ ನೋಡಿ ಒಪ್ಪಿದರು. ಜುಲೈನಲ್ಲಿ ಬಂದ ಅನುಮತಿ ಆದೇಶದಲ್ಲಿ ಆ ಬದಲಾವಣೆಯೂ ಸೇರಿತ್ತು. ಮೂರು ತಿಂಗಳ ಜಗಳದಲ್ಲಿ ಸಿಗದ್ದು ಒಂದು ನಕ್ಷೆಯಿಂದ ಸಿಕ್ಕಿತು.

ಇನ್ನು ಅಳತೆ. ನನ್ನ ಪ್ರಕಾರ ಎಲ್ಲಾ ರೈತರೂ ಮೋಸ ಹೋಗುವುದು ಇಲ್ಲೇ.

"ಒಂದು ಗುಂಟೆ" ಅನ್ನುವುದು ಟವರಿನ ನಾಲ್ಕು ಕಾಲುಗಳ ನಡುವಿನ ಜಾಗ. ನಮ್ಮಲ್ಲಿ ಕಾಲಿಂದ ಕಾಲಿಗೆ 9 ಮೀಟರ್. ಕೇಂದ್ರದ ಮಾರ್ಗಸೂಚಿ ಪ್ರಕಾರ ಪ್ರತಿ ಬದಿಗೆ 1 ಮೀಟರ್ ಸೇರಿಸಬೇಕು. 11 ಗುಣಿಸು 11, ಅಂದರೆ 121 ಚದರ ಮೀಟರ್. ಒಂದು ಗುಂಟೆಗೆ ಸುಮಾರು 101 ಚದರ ಮೀಟರ್, ಹಾಗಾಗಿ 1.2 ಗುಂಟೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ತಂತಿಯ ಕೆಳಗೆ ಒಂದು ಹಾದಿ ಇರುತ್ತದೆ, ಮರ ಇರಬಾರದ, ಮನೆ ಕಟ್ಟಬಾರದ ಹಾದಿ. 66 ಕೆವಿಗೆ ಅದರ ಅಗಲ 18 ಮೀಟರ್, 110 ಕೆವಿಗೆ 22, 220 ಕೆವಿಗೆ 35, 400 ಕೆವಿಗೆ 46 ಮೀಟರ್. ನಮ್ಮ ತೋಟದಲ್ಲಿ ಲೈನ್ ಹೋಗುವ ಉದ್ದ 140 ಮೀಟರ್. 35 ಗುಣಿಸು 140, 4,900 ಚದರ ಮೀಟರ್. ಅದು 1 ಎಕರೆ 8 ಗುಂಟೆ!

ಇದನ್ನು ಲೆಕ್ಕ ಹಾಕಿ ದೊಡ್ಡಪ್ಪನಿಗೆ ತೋರಿಸಿದ ದಿನ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದೂ ಒಂದು ಗುಂಟೆಯೇ.

ದುಡ್ಡಿನ ವ್ಯತ್ಯಾಸ ನೋಡಿ. ಕೇಂದ್ರ ಇಂಧನ ಸಚಿವಾಲಯ 2015ರ ಅಕ್ಟೋಬರ್ 15ಕ್ಕೆ ಒಂದು ಮಾರ್ಗಸೂಚಿ ಹೊರಡಿಸಿತ್ತು. 66 ಕೆವಿ ಮತ್ತು ಅದಕ್ಕಿಂತ ಮೇಲಿನ ಲೈನ್‌ಗಳಿಗೆ ಟವರ್ ಜಾಗಕ್ಕೆ ಭೂಮಿಯ ಬೆಲೆಯ 85 ಶೇಕಡಾ, ಹಾದಿಯ ಜಾಗಕ್ಕೆ ಗರಿಷ್ಠ 15 ಶೇಕಡಾ. 2024ರ ಜೂನ್ 14ಕ್ಕೆ, ಅಂದರೆ ನಮ್ಮ ವಿಚಾರಣೆಗೆ ಮುಂಚೆ, ಅದನ್ನು ಬದಲಿಸಿ ಟವರ್ ಜಾಗಕ್ಕೆ 200 ಶೇಕಡಾ, ಹಾದಿಗೆ 30 ಶೇಕಡಾ ಮಾಡಿದರು. 2025ರ ಮಾರ್ಚ್‌ನಲ್ಲಿ ಇನ್ನೊಂದು ಪೂರಕ ಮಾರ್ಗಸೂಚಿ ಬಂತು. ಮಾರುಕಟ್ಟೆ ಬೆಲೆ ನಿಗದಿ ಮಾಡಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇರಬೇಕು ಅನ್ನುವುದು ಅದರಲ್ಲಿದೆ. ಹಳ್ಳಿಗಳಲ್ಲಿ ಹಾದಿಯ ದರ 30 ಶೇಕಡಾವೇ. ಇವು ಮಾರ್ಗಸೂಚಿಗಳು, ರಾಜ್ಯಗಳು ತಮ್ಮ ಬದಲಾವಣೆಯೊಂದಿಗೂ ಇವನ್ನು ಅಳವಡಿಸಿಕೊಳ್ಳಬಹುದು. ಹಾಗಾಗಿ ನಿಮ್ಮ ಲೈನ್‌ಗೆ ಯಾವ ಆದೇಶದ ಪ್ರಕಾರ ಲೆಕ್ಕ ಹಾಕಿದ್ದಾರೆ ಅಂತ ಬರಹದಲ್ಲಿ ಕೇಳಿ ಪಡೆಯಲೇಬೇಕು.

ಲೆಕ್ಕಕ್ಕೆ ಸುಲಭ ಆಗಲಿ ಅಂತ ಎಕರೆಗೆ 10 ಲಕ್ಷ ಅಂದುಕೊಳ್ಳಿ. ನಮ್ಮ ಟವರ್ ಜಾಗದ ಬೆಲೆ 29,900 ರೂಪಾಯಿ. ಹಳೆಯ ದರದಲ್ಲಿ ಸುಮಾರು 25,400, ಹೊಸ ದರದಲ್ಲಿ 59,800. ಹಾದಿಯ ಬೆಲೆ 12 ಲಕ್ಷದ 10 ಸಾವಿರದಷ್ಟು. ಹಳೆಯ ದರದಲ್ಲಿ ಸುಮಾರು 1,81,600, ಹೊಸದರಲ್ಲಿ 3,63,200. ಟವರ್ ಕಾಲಿನ ಹಣಕ್ಕೆ ಮಾತ್ರ ಸಹಿ ಹಾಕಿದವರು ಏನು ಬಿಟ್ಟುಕೊಟ್ಟರು ಅಂತ ನೀವೇ ನೋಡಿ. ಇದು ಭೂಮಿಯ ಲೆಕ್ಕ ಮಾತ್ರ. ಬೆಳೆ ಮತ್ತು ಮರದ ಪರಿಹಾರ ಇದಕ್ಕೆ ಹೊರತು, ಅದನ್ನು ಬೇರೆಯಾಗಿಯೇ ಕೊಡಬೇಕು.

ನಮ್ಮ ಕಂಪನಿಯ ಮೊದಲ ಪಟ್ಟಿಯಲ್ಲಿ ಹಾದಿಯ ಹೆಸರೇ ಇರಲಿಲ್ಲ. ಎರಡನೇ ಪಟ್ಟಿಯಲ್ಲಿ ಬಂತು, ಹಳೆಯ 15 ಶೇಕಡಾ ಲೆಕ್ಕದಲ್ಲಿ.

ಮರ ಎಣಿಕೆ ಸೆಪ್ಟೆಂಬರ್‌ನಲ್ಲಿ ಆಯಿತು. ಅವರ ಪಟ್ಟಿಯಲ್ಲಿ ಸಿಲ್ವರ್ 71. ನಾವು ಅದಕ್ಕೆ ಮುಂಚೆಯೇ ಎರಡು ಭಾನುವಾರ ಕೂತು ಎಣಿಸಿದ್ದೆವು. ನಾನು, ನನ್ನ ತಂಗಿ, ತೋಟದ ರೈಟರ್, ಮತ್ತೆ ದೊಡ್ಡಪ್ಪ. ಮಧ್ಯದ ಗೆರೆಯಿಂದ ಎರಡೂ ಕಡೆಗೆ 17.5 ಮೀಟರ್ ಟೇಪ್ ಹಿಡಿದು ಹಗ್ಗ ಕಟ್ಟಿ, ಒಳಗೆ ಬರುವ ಪ್ರತಿ ಮರದ ಬುಡಕ್ಕೆ ಬಿಳಿ ಬಣ್ಣದಲ್ಲಿ ನಂಬರ್ ಬರೆದು, ಎದೆ ಎತ್ತರದಲ್ಲಿ ಸುತ್ತಳತೆ ಹಿಡಿದು, ಜಾಗದ ಗುರುತು ಬೀಳುವ ಹಾಗೆ ಫೋನಿನಲ್ಲಿ ಫೋಟೊ ತೆಗೆದೆವು. ಸಿಲ್ವರ್ 112. ಹಾಲುವಾಣ 38. ಹಲಸು 4. ಮೆಣಸಿನ ಬಳ್ಳಿ 96. ಅವರ ಪಟ್ಟಿಯಲ್ಲಿ ಬಳ್ಳಿಯ ಕಾಲಂ ಇರಲೇ ಇಲ್ಲ! ಮರವನ್ನು ನಾಟಾ (ಮರಮಟ್ಟು) ಅಂತ ಎಣಿಸಿದ್ದರು, ಅದರ ಮೇಲೆ ಹಬ್ಬಿದ ಬಳ್ಳಿ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಮಲೆನಾಡಿನಲ್ಲಿ ಒಂದು ಬಳ್ಳಿ ಚೆನ್ನಾಗಿ ಕಾಯಿ ಬಿಡಲು ಏಳೆಂಟು ವರ್ಷ ಬೇಕು ಅನ್ನುವುದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಹಜರು, ಅಂದರೆ ಸ್ಥಳದಲ್ಲೇ ನೋಡಿ ದಾಖಲೆ ಬರೆಯುವ ದಿನ ಕಂದಾಯ ಇಲಾಖೆಯವರೂ ಇದ್ದರು. ನಮ್ಮ ಪಟ್ಟಿ, ಫೋಟೊ ಮುಂದಿಟ್ಟೆವು. ನಂಬರ್ ಬರೆದ ಮರಗಳನ್ನು ಒಂದೊಂದಾಗಿ ತೋರಿಸಿದೆವು. ಸಣ್ಣ ಮರ ಸೇರಿಸಲು ಆಗುವುದಿಲ್ಲ ಅಂತ ಅವರ ಕಡೆಯವರು ವಾದ ಮಾಡಿದರು. ಕೊನೆಗೆ 112 ಅಂತ ಬರೆದು, 41 ಮರಗಳ ಬಗ್ಗೆ ತಕರಾರು ಇದೆ ಅಂತ ಅಡಿಯಲ್ಲಿ ಷರಾ ಹಾಕಿದರು. ನಮಗೆ ಅಷ್ಟು ಸಾಕಿತ್ತು. ಕಡಿದ ನಾಟಾ ನಮ್ಮದೇ ಅನ್ನುವ ಸಾಲೂ ಸೇರಿತು. ಮಹಜರಿನ ಪ್ರತಿ ಕೊಡದೆ ಸಹಿ ಮಾಡುವುದಿಲ್ಲ ಅಂತ ದೊಡ್ಡಪ್ಪ ಹಠ ಹಿಡಿದರು, ಜೆರಾಕ್ಸ್ ಅಂಗಡಿಗೆ ಹೋಗಿ ಬರುವವರೆಗೆ ಎಲ್ಲರನ್ನೂ ಕೂರಿಸಿದರು.

ಮೌಲ್ಯ ಯಾರು ಕಟ್ಟುತ್ತಾರೆ ಅನ್ನುವುದೂ ಮುಖ್ಯ. ನಾಟಾ ಮರಕ್ಕೆ ಅರಣ್ಯ ಇಲಾಖೆ, ಹಣ್ಣಿನ ಮರ ಮತ್ತು ತೋಟದ ಬೆಳೆಗೆ ತೋಟಗಾರಿಕೆ ಇಲಾಖೆ. ನಾವು ಎರಡೂ ಕಡೆ ಅರ್ಜಿ ಕೊಟ್ಟು ಬಳ್ಳಿಯ ಲೆಕ್ಕವನ್ನು ಬೇರೆ ತೆಗೆಸಿದೆವು.

ಈಗ ನನಗೆ ಅತ್ಯಂತ ಬೇಸರ ಕೊಡುವ ವಿಷಯ. "ಕೆಳಗೆ ಕಾಫಿ ನಿಮ್ಮದೇ" ಅಂದಿದ್ದರಲ್ಲ, ಅದು. ನಿಜ, ಕಾಫಿ ಗಿಡವನ್ನು ಯಾರೂ ಕಡಿಯಲಿಲ್ಲ. 220 ಕೆವಿ ತಂತಿ ತೀರಾ ಜೋತಾಡುವ ಕಡೆಯಲ್ಲೂ ನೆಲದಿಂದ ಸುಮಾರು 7 ಮೀಟರ್ ಮೇಲೆ ಇರಬೇಕು, ಕಾಫಿ ಗಿಡ ಅಷ್ಟು ಎತ್ತರ ಬೆಳೆಯುವುದಿಲ್ಲ. ಆದರೆ ನೆರಳು ಹೋದ ಕಾಫಿ ಅದೇ ಕಾಫಿ ಅಲ್ಲ. ರೊಬಸ್ಟಾ ಬಿಸಿಲು ಸ್ವಲ್ಪ ತಡೆಯುತ್ತದೆ, ಅದಕ್ಕೆ ನೀರು ಜಾಸ್ತಿ ಬೇಕಾಗುತ್ತದೆ, ಕಳೆ ಜಾಸ್ತಿ ಬರುತ್ತದೆ. ಅರೇಬಿಕಾ ತಡೆಯುವುದಿಲ್ಲ. ಬಿಳಿ ಕಾಂಡ ಕೊರಕ ಹುಳು ಹುಡುಕಿಕೊಂಡು ಬರುವುದೇ ಬಿಸಿಲು ಬೀಳುವ ಗಿಡಗಳಿಗೆ. ಹಳ್ಳದ ಬದಿಯ ತುಂಡಿನಲ್ಲಿ ಮೊದಲ ವರ್ಷವೇ ಹಳದಿ ತಿರುಗಿದ ಗಿಡಗಳನ್ನು ಕಿತ್ತು ಸುಡಬೇಕಾಯಿತು. ಮರಕ್ಕೆ ಕೊಟ್ಟ ಪರಿಹಾರ ಮರದ ಬೆಲೆ. ಮರ ಕೊಡುತ್ತಿದ್ದ ನೆರಳಿನ ಬೆಲೆ ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಮತ್ತೆ ಎತ್ತರದ ಮರ ಬೆಳೆಸುವ ಹಾಗೂ ಇಲ್ಲ, ಲೈನ್ ಬಂದ ಮೇಲೆ ನೆಟ್ಟ ಮರ ತಂತಿಗೆ ಅಡ್ಡ ಬಂದರೆ ಕಡಿಯುತ್ತಾರೆ, ಅದಕ್ಕೆ ಪರಿಹಾರ ಸಿಗುವುದಿಲ್ಲ.

ಏಣಿಯ ವಿಷಯ ಇನ್ನೂ ಗಂಭೀರ. ಮೆಣಸು ಕೊಯ್ಯಲು, ಮರಗಸಿ (ನೆರಳು ಮರದ ರೆಂಬೆ ಸವರುವುದು) ಮಾಡಲು ನಮ್ಮ ಕಡೆ ಉದ್ದದ ಅಲ್ಯೂಮಿನಿಯಂ ಏಣಿ ಬಳಸುತ್ತಾರೆ. ಏಣಿ ಎತ್ತಿ ತಿರುಗಿಸುವಾಗ ತಂತಿಗೆ ತಾಗಿ ಕೂಲಿಯವರು ಸತ್ತ ಸುದ್ದಿ ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಓದದವರು ಯಾರಿದ್ದಾರೆ? ಈ ಹಾದಿಯ ಅಕ್ಕಪಕ್ಕದ ಮರಗಳಲ್ಲಿ ಈಗ ಏಣಿ ಎತ್ತಲು ನಾವು ಬಿಡುವುದಿಲ್ಲ. ಅಂದರೆ 35 ಮೀಟರ್ ಆಚೆಗೂ ಒಂದಷ್ಟು ಬಳ್ಳಿ ಕೊಯ್ಯಲಾಗದೆ ಉಳಿಯುತ್ತದೆ. ತಂತಿ ಕೆಳಗೆ ಕೊಳವೆ ಬಾವಿ ಕೊರೆಯುವ ಲಾರಿ ನಿಲ್ಲಿಸುವ ಹಾಗೂ ಇಲ್ಲ. ಈ ಎರಡೂ ನಮ್ಮ ಕೋರ್ಟ್ ಅರ್ಜಿಯಲ್ಲಿವೆ.

ಇನ್ನೊಂದು ಮಾತು ನೆನಪಿಡಿ, ಹಾನಿ ಒಂದೇ ಸಲ ಆಗುವುದಿಲ್ಲ. ಪಾಯ ತೆಗೆಯುವಾಗ ಒಮ್ಮೆ, ಟವರ್ ನಿಲ್ಲಿಸುವಾಗ ಒಮ್ಮೆ, ತಂತಿ ಎಳೆಯುವಾಗ ಒಮ್ಮೆ. ಪ್ರತಿ ಹಂತಕ್ಕೂ ಬೇರೆ ಬೆಳೆ ಪರಿಹಾರ ಕೇಳಬೇಕು. ನಮ್ಮಲ್ಲಿ ಅಕ್ಟೋಬರ್‌ನಲ್ಲಿ ಮರ ಕಡಿದರು, ಮರ ಬಿದ್ದದ್ದು ಕಾಯಿ ತುಂಬಿದ ಗಿಡಗಳ ಮೇಲೆ. ನವೆಂಬರ್‌ನಲ್ಲಿ ಪಾಯ. 2025ರ ಜನವರಿಯಲ್ಲಿ ಟವರ್ ಎದ್ದಿತು, ಕೊಯ್ಲಿನವರು ಆ ಪಟ್ಟೆಗೆ ಹೋಗಲಾಗದೆ ಹಣ್ಣು ಉದುರಿತು. ಮಾರ್ಚ್‌ನಲ್ಲಿ ತಂತಿ ಎಳೆದರು. ಹೂ ಮಳೆ ಬಂದು ರೊಬಸ್ಟಾ ಬೆಳ್ಳಗೆ ಅರಳಿದ ವಾರವೇ. ದಯವಿಟ್ಟು ಹತ್ತು ದಿನ ತಡೆಯಿರಿ, ಕಾಯಿ ಕಚ್ಚಲಿ ಅಂತ ದೊಡ್ಡಪ್ಪ ಕೈ ಮುಗಿದು ಕೇಳಿದರು. ಮುಂದಿನ ಟವರ್‌ಗೆ ಯಂತ್ರ ಹೋಗಬೇಕು, ಆಗುವುದಿಲ್ಲ ಅಂದರು. ಗಿಡಗಳ ಮೇಲೆ ಹಗ್ಗ ಎಳೆದರು. 64 ಗಿಡ ರೆಂಬೆ ಮುರಿದವು. ಅದು ಆ ವರ್ಷದ ಬೆಳೆಯ ನಷ್ಟ ಅಲ್ಲ, ಮುಂದಿನ ವರ್ಷದ್ದು. ನಾವು ಆವತ್ತೇ ಸಂಜೆ ಫೋಟೊ ತೆಗೆದು ಕಂಪನಿಗೆ, ತಹಶೀಲ್ದಾರರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಹಾಕಿದೆವು.

ಮನೆಯೊಳಗಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇತ್ತು. ದೊಡ್ಡಪ್ಪ, ತೀರಿಕೊಂಡ ನಮ್ಮಪ್ಪ, ತರೀಕೆರೆಯಲ್ಲಿರುವ ಅತ್ತೆ, ಮೂವರ ಹಕ್ಕು. ಮೊದಲ ಚೆಕ್ ದೊಡ್ಡಪ್ಪನ ಒಬ್ಬರ ಹೆಸರಿಗೆ ಬರೆಯಲು ಹೊರಟಿದ್ದರು. ಅತ್ತೆಗೆ ಯಾರೋ ಹೇಳಿ, ಅವರು ಬೇಸರದಿಂದ ಫೋನ್ ಮಾಡಿ, ಎರಡು ತಿಂಗಳು ಮಾತು ನಿಂತಿತು. ಹಕ್ಕುದಾರರು ಯಾರು, ಯಾರಿಗೆ ಎಷ್ಟು ಅನ್ನುವ ತಕರಾರು ಇದ್ದರೆ ಟೆಲಿಗ್ರಾಫ್ ಕಾಯ್ದೆಯ 16(4)ರ ಪ್ರಕಾರ ಹಣವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಒಬ್ಬರೇ ತೆಗೆದುಕೊಂಡಿದ್ದರೆ ಉಳಿದವರು ದಾವೆ ಹಾಕಿ ತಮ್ಮ ಪಾಲು ವಸೂಲು ಮಾಡಬಹುದು. ನಾವು ಅಲ್ಲಿಗೆ ಹೋಗಲಿಲ್ಲ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡಿಸಿ ಮೂವರ ಹೆಸರು ಸೇರಿಸಿದೆವು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಊರಿನ ಕಡೆ ಲೈನ್ ಬರುವ ಸುದ್ದಿ ಬಂದ ದಿನವೇ ಪಹಣಿ ತೆಗೆದು ನೋಡಿ. ಖಾತೆ, ಪೋಡಿ (ಸರ್ವೆ ನಂಬರಿನ ಪಾಲು ಅಳತೆ) ಸರಿ ಇಲ್ಲದಿದ್ದರೆ ಆಮೇಲೆ ಪ್ರತಿ ಮೇಜಿನಲ್ಲೂ ಅದೇ ನೆಪ.

2025ರ ಮೇನಲ್ಲಿ ಹಣ ಬಂತು. ಜೊತೆಗೆ ಒಂದು ರಸೀತಿ: "ಪೂರ್ತಿ ಪರಿಹಾರ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ." ವಕೀಲರು ಹೇಳಿದಂತೆ ಮೂವರೂ ಆ ಸಾಲನ್ನು ಹೊಡೆದು ಹಾಕಿ, "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇವೆ, ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿದ್ದೇವೆ" ಅಂತ ಬರೆದು ಸಹಿ ಹಾಕಿದರು. ಕಂಪನಿಯವರು ಇದು ನಡೆಯುವುದಿಲ್ಲ ಅಂತ ಒಂದು ವಾರ ಎಳೆದಾಡಿದರು, ಆಮೇಲೆ ಕೊಟ್ಟರು.

ಪರಿಹಾರ ಸಾಲದು ಅನ್ನುವ ಅರ್ಜಿ ಹಾಕುವುದು ಅದೇ ಟೆಲಿಗ್ರಾಫ್ ಕಾಯ್ದೆಯ 16(3)ರ ಕೆಳಗೆ, ಜಮೀನು ಇರುವ ಜಿಲ್ಲೆಯ ಜಿಲ್ಲಾ ನ್ಯಾಯಾಧೀಶರ ಮುಂದೆ. ಜಿಲ್ಲಾಧಿಕಾರಿ ಮುಂದೆ ಅಲ್ಲ. ತುಂಬಾ ಜನ ಇಲ್ಲಿ ತಪ್ಪುತ್ತಾರೆ, ವರ್ಷಗಟ್ಟಲೆ ಮನವಿ ಪತ್ರ ಕೊಡುತ್ತಾ ಕೂರುತ್ತಾರೆ. ಅಷ್ಟರಲ್ಲಿ ಗಡುವು ಮುಗಿಯುತ್ತದೆ. ಕಾಯ್ದೆಯಲ್ಲಿ ಗಡುವು ಬರೆದಿಲ್ಲ, ಆದರೆ ಇಂಥ ಅರ್ಜಿಗೆ ಕಾಲಮಿತಿ ಕಾಯ್ದೆಯ 137ನೇ ಅನುಚ್ಛೇದ ಅನ್ವಯಿಸುತ್ತದೆ, ಅಂದರೆ 3 ವರ್ಷ. 1976ರಲ್ಲೇ ಕೇರಳ ವಿದ್ಯುತ್ ಮಂಡಳಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಜಿಲ್ಲಾ ನ್ಯಾಯಾಧೀಶರ ತೀರ್ಮಾನವೇ ಅಂತಿಮ ಅನ್ನುತ್ತದೆ ಕಾಯ್ದೆ, ಮಾಮೂಲಿ ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿಟ್ ಮೂಲಕ ಹೋಗಬಹುದು ಅಷ್ಟೇ. ಹಾಗಾಗಿ ಸಾಕ್ಷಿಯನ್ನೆಲ್ಲ ಇಲ್ಲೇ, ಮೊದಲ ಸಲವೇ ಇಡಬೇಕು.

ನಮ್ಮ ಅರ್ಜಿ ನಿಂತಿರುವುದು 2007ರ ಒಂದು ತೀರ್ಪಿನ ಮೇಲೆ. ಕೇರಳ ವಿದ್ಯುತ್ ಮಂಡಳಿ ಮತ್ತು ಲಿವಿಶಾ ನಡುವಿನ ಪ್ರಕರಣ. ಎಲ್ಲರಿಗೂ ಒಂದೇ ಸೂತ್ರ ಹಾಕಲು ಆಗುವುದಿಲ್ಲ, ಜಮೀನು ಎಲ್ಲಿದೆ, ಲೈನ್ ಅಂಚಿನಲ್ಲಿ ಹೋಗುತ್ತದೋ ಮಧ್ಯದಲ್ಲಿ ಹೋಗುತ್ತದೋ, ಸಣ್ಣ ಹಿಡುವಳಿಯೋ, ಭೂಮಿಯ ಬೆಲೆ ಎಷ್ಟು, ಇವನ್ನೆಲ್ಲ ನೋಡಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ನಮ್ಮದು ಸಣ್ಣ ಹಿಡುವಳಿ, ಲೈನ್ ಓರೆಯಾಗಿ ಮಧ್ಯದಲ್ಲೇ ಹೋಗಿದೆ. ಉಳಿದ ತೋಟ ಎರಡು ತ್ರಿಕೋನ ಆಗಿದೆ. ಐದು ವರ್ಷದ ಕಾಫಿ, ಮೆಣಸು ಮಾರಾಟದ ಬಿಲ್, ಪಕ್ಕದ ತೋಟಗಳ ಕ್ರಯಪತ್ರ, ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ, ಮಹಜರು, ಆ 41 ಮರದ ಷರಾ, ಫೋಟೊಗಳು, ಎಲ್ಲವೂ ಕಡತದಲ್ಲಿವೆ. ಮಾರಾಟದ ಬಿಲ್ ಇಟ್ಟುಕೊಂಡಿದ್ದಕ್ಕೆ ದೊಡ್ಡಮ್ಮನಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಹಳೆಯ ಬಿಸ್ಕತ್ ಡಬ್ಬಿಯೊಳಗೆ ಒಂದೂ ಹರಿಯದೆ ಇದ್ದವು.

ಮುಂದೆ ಯಾವತ್ತಾದರೂ ಅಲ್ಲಿ ಮನೆ ಕಟ್ಟಬೇಕು ಅನ್ನಿಸಿದರೆ ಟವರ್ ಸರಿಸಿ ಅಂತ ಕೇಳಲು 17ನೇ ಕಲಂನಲ್ಲಿ ಅವಕಾಶ ಇದೆ. ಪರಿಹಾರ ಪಡೆದಿದ್ದರೆ ಸರಿಸುವ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ನಾವು ಕಟ್ಟಬೇಕು. ನಮಗೆ ಸದ್ಯ ಅದರ ಯೋಚನೆ ಇಲ್ಲ.

ಜಾಗ ಅಳೆಯಲು ಕೋರ್ಟ್ ಕಮಿಷನರ್ ಬರಬೇಕು ಅಂತ ಅರ್ಜಿ ಹಾಕಿದ್ದೇವೆ. ಕಡಿದ ಸಿಲ್ವರ್ ಮರಗಳ ಬೊಡ್ಡೆ ಕೀಳಿಸಿ ಆ ಪಟ್ಟೆಯಲ್ಲಿ ಏನಾದರೂ ನೆಡೋಣ ಅಂತ ತಂಗಿ ಕಳೆದ ವಾರ ಹೇಳಿದಳು. ದೊಡ್ಡಪ್ಪ ಒಪ್ಪಲಿಲ್ಲ. ಮಳೆಗೆ ಬಣ್ಣ ಮಸುಕಾಗಿದೆ ಅಂತ ಹೊಸ ಡಬ್ಬಿ ತಂದು, ಬೊಡ್ಡೆಗಳ ಮೇಲೆ 1ರಿಂದ ಮತ್ತೆ ನಂಬರ್ ಬರೆಯುತ್ತಿದ್ದಾರೆ. ನಿನ್ನೆ ಸಂಜೆಗೆ 83 ಆಗಿತ್ತು.